ಬಣ್ಣದ ಡ್ಯಾನಿಯೊ ಮೀನಿಗೆ ಇಂಜೆಕ್ಷನ್ ಕೊಡುತ್ತಾರಾ? ಸಾಕಿ ಬೇಡವಾದರೆ ಹೊಳೆಗೆ ಬಿಡಬಹುದಾ? ಫಾರ್ವರ್ಡ್ ಮಾಡುವ ಮುನ್ನ ಓದಿ

ಅಕ್ವೇರಿಯಂ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣಗಳಲ್ಲಿ ಮಿನುಗುತ್ತಾ ಓಡಾಡುವ ಪುಟ್ಟ ಮೀನುಗಳ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ವಿಡಿಯೊದ ಜತೆಗೆ ಬರುವ ಬರಹ ಮಾತ್ರ ಒಂದೊಂದು ಗುಂಪಿನಲ್ಲಿ ಒಂದೊಂದು ಥರ. "ಇವಕ್ಕೆ ಸೂಜಿಯಲ್ಲಿ ಬಣ್ಣ ಚುಚ್ಚುತ್ತಾರೆ, ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ" ಎಂದು ಒಬ್ಬರು. "ಒಂದು ಜೋಡಿ ತಂದರೆ ಸಾಕು, ಮನೆಯಲ್ಲೇ ಮರಿ ಮಾಡಿಸಿ ತಿಂಗಳಿಗೆ ಲಕ್ಷ ಗಳಿಸಿ" ಎಂದು ಇನ್ನೊಬ್ಬರು. "ಹೆಚ್ಚಾದ ಮೀನನ್ನು ಹೊಳೆಗೆ, ಕೆರೆಗೆ ಬಿಡಿ, ಸೊಳ್ಳೆಯೂ ಕಡಿಮೆಯಾಗುತ್ತದೆ, ಪುಣ್ಯವೂ ಬರುತ್ತದೆ" ಎಂದು ಮತ್ತೊಬ್ಬರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಓದುಗರು ಈ ಮೂರನ್ನೂ ನಿಜವೇ ಎಂದು ಕೇಳುತ್ತಿರುವುದರಿಂದ ನಾವು ಒಂದೊಂದನ್ನೇ ಬಿಡಿಸಿ ನೋಡಿದ್ದೇವೆ.

ಚುಟುಕಾಗಿ ಉತ್ತರ

ಡ್ಯಾನಿಯೊ ಮೀನಿನ ಬಣ್ಣಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ಬಂದವು. ಚಿರತೆ ಚುಕ್ಕೆ, ಚಿನ್ನದ ಬಣ್ಣ, ಉದ್ದ ರೆಕ್ಕೆ ಇವೆಲ್ಲ ತಳಿ ಆಯ್ಕೆಯಿಂದ ಬಂದ ರೂಪಗಳು. ಮಿನುಗುವ ಕೆಂಪು ಮತ್ತು ಹಸಿರು ಬಣ್ಣದವು ಕುಲಾಂತರಿ ಮೀನುಗಳು. ಮೀನಿಗೆ ಬಣ್ಣ ಚುಚ್ಚುವ ಕ್ರೂರ ಪದ್ಧತಿ ಇದೆ, ಆದರೆ ಅದು ಮುಖ್ಯವಾಗಿ ಬೇರೆ ಜಾತಿಯ ಮೀನುಗಳ ಕಥೆ. ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮರಿ ಮಾಡಿಸುವುದು ಸುಲಭ, ಹಣ ಮಾಡುವುದು ಅಷ್ಟು ಸುಲಭವಲ್ಲ. ಹೊಳೆಗೆ ಬಿಡುವುದು ಮಾತ್ರ ಖಂಡಿತ ಬೇಡ. ಕಾರಣಗಳು ಮುಂದಿವೆ.

ಡ್ಯಾನಿಯೊ ಎಂದರೆ ಯಾವ ಮೀನು?

ಅಂಗಡಿಯವರು "ಜೀಬ್ರಾ" ಎಂದು ಕರೆಯುವ, ಮೈಮೇಲೆ ಉದ್ದಕ್ಕೆ ನೀಲಿ ಪಟ್ಟೆಗಳಿರುವ ನಾಲ್ಕು ಸೆಂಟಿಮೀಟರ್ ಉದ್ದದ ಮೀನೇ ಎಲ್ಲರಿಗೂ ಪರಿಚಯವಿರುವ ಡ್ಯಾನಿಯೊ. ಇದರ ವೈಜ್ಞಾನಿಕ ಹೆಸರು ಡ್ಯಾನಿಯೊ ರೆರಿಯೊ. ವಿದೇಶಿ ಮೀನು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ಇದು ಭಾರತ, ಬಾಂಗ್ಲಾದೇಶ, ನೇಪಾಳದ ಗದ್ದೆ, ಹಳ್ಳ, ತೊರೆಗಳ ಮೀನು. ಪಶ್ಚಿಮ ಘಟ್ಟದ ಕೆಲವು ಹೊಳೆಗಳಲ್ಲೂ ದಾಖಲಾಗಿದೆ. ಡ್ಯಾನಿಯೊ ಎಂಬ ಪದವೇ ಬಂಗಾಳಿಯ "ಧಾನಿ"ಯಿಂದ ಬಂದದ್ದು, ಅಂದರೆ ಭತ್ತದ ಗದ್ದೆಯದು.

ಈ ಹೆಸರು ಕೊಟ್ಟವರಿಗೂ ನಮ್ಮ ಊರುಗಳಿಗೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯರಾಗಿದ್ದ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಪ್ರದೇಶಗಳನ್ನು ಸುತ್ತಿ ಬೆಳೆ, ಮಣ್ಣು, ಕಸುಬುಗಳ ವರದಿ ಬರೆದರು. 1801ರಲ್ಲಿ ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಜಮಾಲಾಬಾದ್, ವೇಣೂರು, ಮೂಡುಬಿದಿರೆ, ಕಾರ್ಕಳದ ದಾರಿಯಲ್ಲಿ ಸಾಗಿದ ವಿವರ ಅದರಲ್ಲಿದೆ. ಮುಂದೆ ಹ್ಯಾಮಿಲ್ಟನ್ ಎಂಬ ಕುಲನಾಮ ಸೇರಿಸಿಕೊಂಡ ಇದೇ ವ್ಯಕ್ತಿ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಪ್ರಕಟಿಸಿ, ಪಟ್ಟೆಗಳ ಈ ಮೀನನ್ನು ಮೊದಲ ಬಾರಿಗೆ ವಿಜ್ಞಾನಕ್ಕೆ ಪರಿಚಯಿಸಿದರು. ಅವರು ಅದನ್ನು ಕಂಡದ್ದು ಗಂಗಾ ಬಯಲಿನ ಕಡೆ, ನಮ್ಮಲ್ಲಲ್ಲ.

ನಮ್ಮ ತೋಡಿನಲ್ಲಿರುವುದು ಯಾವುದು?

ನೇತ್ರಾವತಿ, ಫಲ್ಗುಣಿ ಮತ್ತು ಅವುಗಳಿಗೆ ಸೇರುವ ತೋಡುಗಳ ತಿಳಿನೀರಿನಲ್ಲಿ ಗುಂಪುಗುಂಪಾಗಿ ಈಜುವ, ಉಕ್ಕಿನ ನೀಲಿ ಮೈಮೇಲೆ ಹಳದಿ ಗೆರೆಗಳಿರುವ ಚುರುಕಾದ ಮೀನೊಂದನ್ನು ನೀವು ನೋಡಿರಬಹುದು. ಅದು ಮಲಬಾರ್ ಡ್ಯಾನಿಯೊ. 1849ರಲ್ಲಿ ಜೆರ್ಡನ್ ಎಂಬ ವಿಜ್ಞಾನಿ ಇದನ್ನು ವಿವರಿಸಿದರು. ಜೀಬ್ರಾ ಡ್ಯಾನಿಯೊಗಿಂತ ಇದು ಎರಡು ಮೂರು ಪಟ್ಟು ದೊಡ್ಡದು, ಹತ್ತು ಸೆಂಟಿಮೀಟರ್ ದಾಟಿಯೂ ಬೆಳೆಯುತ್ತದೆ. ನೀರಿನ ಮೇಲ್ಮೈಗೆ ಬೀಳುವ ಹುಳಹುಪ್ಪಟೆ ಇದರ ಮುಖ್ಯ ಆಹಾರ.

ಹಿಂದೆ ಇವೆಲ್ಲವನ್ನೂ ಡ್ಯಾನಿಯೊ ಎಂಬ ಒಂದೇ ಕುಲದಲ್ಲಿ ಇಡುತ್ತಿದ್ದರು. 2003ರಲ್ಲಿ ಪ್ರಕಟವಾದ ಅಧ್ಯಯನದ ನಂತರ ದೊಡ್ಡ ಗಾತ್ರದವನ್ನು ಡೆವಾರಿಯೊ ಎಂಬ ಬೇರೆ ಕುಲಕ್ಕೆ ಸೇರಿಸಲಾಗಿದೆ. ಅಂಗಡಿಯಲ್ಲಿ ಮಾತ್ರ ಇಂದಿಗೂ "ಜೈಂಟ್ ಡ್ಯಾನಿಯೊ" ಎಂದೇ ಮಾರುತ್ತಾರೆ. ಅಂದರೆ, ದುಡ್ಡು ಕೊಟ್ಟು ತರುವ ಮೀನಿನ ದಾಯಾದಿಗಳು ನಮ್ಮ ತೋಟದ ಬದಿಯ ತೋಡಿನಲ್ಲೇ ಇವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹೊಳೆಗೆ ಬಿಡುವ ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಪಟ್ಟೆ ಬರುವುದು ಹೇಗೆ?

ಜೀಬ್ರಾ ಡ್ಯಾನಿಯೊದ ಚರ್ಮದಲ್ಲಿ ಮುಖ್ಯವಾಗಿ ಮೂರು ಬಗೆಯ ಬಣ್ಣದ ಕೋಶಗಳಿವೆ. ಒಂದರಲ್ಲಿ ಕಪ್ಪು ವರ್ಣದ್ರವ್ಯ, ಅಂದರೆ ನಮ್ಮ ಕೂದಲು ಮತ್ತು ಚರ್ಮದಲ್ಲಿರುವ ಮೆಲನಿನ್. ಇನ್ನೊಂದರಲ್ಲಿ ಹಳದಿ. ಮೂರನೆಯದರಲ್ಲಿ ಬಣ್ಣವೇ ಇಲ್ಲ, ಬೆಳಕನ್ನು ಪ್ರತಿಫಲಿಸುವ ಸೂಕ್ಷ್ಮ ಹರಳುಗಳಿವೆ. ಬೆಳ್ಳಿಯ ಹೊಳಪು, ನೀಲಿ ಛಾಯೆ ಬರುವುದು ಇವುಗಳಿಂದ. ಮರಿ ಬೆಳೆಯುವಾಗ ಈ ಕೋಶಗಳು ಒಂದಕ್ಕೊಂದು ಸಂಕೇತ ಕೊಟ್ಟುಕೊಂಡು, ಕೆಲವನ್ನು ಹತ್ತಿರ ಸೆಳೆದು, ಕೆಲವನ್ನು ದೂರ ತಳ್ಳಿ ಸಾಲಾಗಿ ನಿಲ್ಲುತ್ತವೆ. ಆ ಸಾಲುಗಳೇ ಪಟ್ಟೆ.

ಈ ಸಂಕೇತ ಒಯ್ಯುವ ಒಂದು ಜೀನ್ ಕೆಟ್ಟರೂ ಸಾಲು ಮುರಿಯುತ್ತದೆ. ಬಣ್ಣದ ತಳಿಗಳ ಗುಟ್ಟು ಇಷ್ಟೇ.

ಚಿರತೆ, ಚಿನ್ನ, ಉದ್ದ ರೆಕ್ಕೆ

ಚಿರತೆ ಡ್ಯಾನಿಯೊ: ಪಟ್ಟೆಯ ಬದಲು ಮೈ ತುಂಬ ಚುಕ್ಕೆಗಳು. 1963ರಲ್ಲಿ ಇದನ್ನು ಹೊಸ ಜಾತಿಯೆಂದೇ ತಿಳಿದು ಬೇರೆ ವೈಜ್ಞಾನಿಕ ಹೆಸರಿಟ್ಟಿದ್ದರು. ಕಾಡಿನಲ್ಲಿ ಎಲ್ಲಿ ಹುಡುಕಿದರೂ ಅಂಥ ಜಾತಿ ಸಿಗಲಿಲ್ಲ. ಜೀಬ್ರಾದೊಂದಿಗೆ ಕೂಡಿಸಿದರೆ ಮಾತ್ರ ಸರಾಗವಾಗಿ ಮರಿಯಾಗುತ್ತಿತ್ತು. ಕೊನೆಗೆ ಇದು ಜೀಬ್ರಾ ಡ್ಯಾನಿಯೊದ್ದೇ ಒಂದು ರೂಪಾಂತರ ಎಂದು ಗೊತ್ತಾಯಿತು. ಪಕ್ಕಪಕ್ಕದ ಕೋಶಗಳ ನಡುವೆ ಸಂಪರ್ಕ ಕಲ್ಪಿಸುವ ಒಂದು ಜೀನಿನ ದೋಷ ಇದಕ್ಕೆ ಕಾರಣ ಎಂದು 2006ರಲ್ಲಿ ಗುರುತಿಸಲಾಯಿತು.

ಚಿನ್ನದ ಡ್ಯಾನಿಯೊ: ಪಟ್ಟೆಗಳು ಮಸುಕಾಗಿ ಮೈ ಹೊಂಬಣ್ಣಕ್ಕೆ ತಿರುಗಿರುತ್ತದೆ. ಮೆಲನಿನ್ ತುಂಬಿದ ಕಣಗಳು ಚಿಕ್ಕದಾಗಿ, ಕಡಿಮೆಯಾಗಿ, ತೆಳುವಾಗಿ ಇರುವುದೇ ಕಾರಣ. 2005ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಇದರ ಹಿಂದಿರುವ ಜೀನನ್ನು ಪತ್ತೆ ಮಾಡಿತು. ಅದೇ ಜೀನ್ ಮನುಷ್ಯರಲ್ಲೂ ಇದೆ, ನಮ್ಮ ಚರ್ಮದ ಬಣ್ಣದ ವ್ಯತ್ಯಾಸಕ್ಕೂ ಅದು ಒಂದು ಕಾರಣ. ಭಾರತದ ಬೇರೆ ಬೇರೆ ಜನಸಮುದಾಯಗಳಲ್ಲಿ ಈ ಜೀನಿನ ಹಂಚಿಕೆಯ ಬಗ್ಗೆ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಿಳಿ ಕಪ್ಪು ಎಂದು ಜನ ಜನರನ್ನು ಬೇರೆ ಮಾಡುವ ಸಂಗತಿಯನ್ನು ಅರ್ಥ ಮಾಡಿಕೊಳ್ಳಲು ಅಕ್ವೇರಿಯಂ ಮೀನೊಂದು ದಾರಿ ತೋರಿಸಿತು.

ಉದ್ದ ರೆಕ್ಕೆಯ ಡ್ಯಾನಿಯೊ: ಬಣ್ಣ ಅದೇ, ರೆಕ್ಕೆ ಮತ್ತು ಬಾಲ ಮಾತ್ರ ಸೆರಗಿನಂತೆ ಇಳಿಬಿದ್ದಿರುತ್ತವೆ. ಇದೂ ಒಂದು ಜೀನಿನ ಬದಲಾವಣೆ. ಚಿರತೆ ಚುಕ್ಕೆ ಮತ್ತು ಉದ್ದ ರೆಕ್ಕೆ ಎರಡೂ ಇರುವ ತಳಿಯೂ ಇದೆ.

ಇವಲ್ಲದೆ ಮೂಲದಲ್ಲೇ ಬೇರೆ ಬಣ್ಣದ ಜಾತಿಗಳಿವೆ. ಮುತ್ತಿನ ಹೊಳಪಿನ ಪರ್ಲ್ ಡ್ಯಾನಿಯೊ ಮ್ಯಾನ್ಮಾರ್ ಕಡೆಯದು. ರಾತ್ರಿಯ ಆಕಾಶದಂತೆ ಕಡು ಮೈಮೇಲೆ ಬಿಳಿ ಚುಕ್ಕೆಗಳಿರುವ ಸೆಲೆಸ್ಟಿಯಲ್ ಪರ್ಲ್ ಡ್ಯಾನಿಯೊ ಸಹ ಅಲ್ಲಿಯದೇ. ಅದು 2006ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ನೆಲೆಗಳಿಗೇ ಕುತ್ತು ಬರುವಷ್ಟು ಹಿಡಿದು ಮಾರಿದರು. ಆಮೇಲೆ ತೊಟ್ಟಿಗಳಲ್ಲಿ ಮರಿ ಮಾಡಿಸುವುದು ರೂಢಿಯಾಯಿತು. "ಗ್ಲೋಲೈಟ್ ಡ್ಯಾನಿಯೊ" ಎಂಬ ಇನ್ನೊಂದು ಮ್ಯಾನ್ಮಾರ್ ಮೀನಿಗೆ ಮೈಮೇಲೆ ಕಿತ್ತಳೆ ಗೆರೆ ಇದೆ. ಹೆಸರಿನಲ್ಲಿ ಗ್ಲೋ ಇದ್ದರೂ ಇದು ಸಹಜ ಮೀನು, ಕುಲಾಂತರಿ ಅಲ್ಲ.

ಹಾಗಾದರೆ ಮಿನುಗುವ ಕೆಂಪು, ಹಸಿರು ಮೀನು?

ಇದರ ಕಥೆ ಬೇರೆ. 1999ರಲ್ಲಿ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಝಿಯುವಾನ್ ಗಾಂಗ್ ಮತ್ತು ಸಂಗಡಿಗರು ಜೀಬ್ರಾ ಡ್ಯಾನಿಯೊಗೆ ಜೆಲ್ಲಿ ಮೀನಿನ ಹಸಿರು ಪ್ರೋಟೀನಿನ ಜೀನ್ ಸೇರಿಸಿದರು. ನೀರಿನ ಮಾಲಿನ್ಯವನ್ನು ಬಣ್ಣದಿಂದ ತೋರಿಸಿಕೊಡುವ ಮೀನು ಮಾಡಬೇಕೆಂಬುದು ಅವರ ಉದ್ದೇಶವಾಗಿತ್ತು. ಕೆಂಪು ಬಣ್ಣಕ್ಕೆ ಹವಳದ ಬಳಗದ ಜೀವಿಗಳ ಜೀನ್ ಬಳಕೆಯಾಯಿತು. ಅಮೆರಿಕದ ಕಂಪನಿಯೊಂದು ಇದರ ಹಕ್ಕು ಪಡೆದು 2003ರ ಕೊನೆಯಲ್ಲಿ "ಗ್ಲೋಫಿಶ್" ಎಂಬ ಹೆಸರಿನಲ್ಲಿ ಮಾರತೊಡಗಿತು. ಆ ಹಸಿರು ಪ್ರೋಟೀನಿನ ಸಂಶೋಧನೆಗೆ 2008ರಲ್ಲಿ ಶಿಮೊಮುರಾ, ಚಾಲ್ಫಿ, ಚಿಯೆನ್ ಎಂಬ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

"ಇಂಜೆಕ್ಷನ್" ಎಂಬ ಮಾತಿನ ಒಂದು ಬೇರು ಇಲ್ಲಿದೆ. ಜೀನ್ ಸೇರಿಸುವಾಗ ಆಗತಾನೆ ಫಲಿತವಾದ ಮೊಟ್ಟೆಗೆ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಡಿಎನ್‌ಎ ಚುಚ್ಚುತ್ತಾರೆ. ಅದು ನಡೆದದ್ದು ಪ್ರಯೋಗಾಲಯದಲ್ಲಿ, ಹಲವು ತಲೆಮಾರುಗಳ ಹಿಂದೆ. ಅಂಗಡಿಯಲ್ಲಿರುವ ಮೀನು ಆ ಮೀನಿನ ಮರಿಮರಿಮಕ್ಕಳಲ್ಲಿ ಒಂದು. ಅದಕ್ಕೆ ಯಾರೂ ಏನನ್ನೂ ಚುಚ್ಚಿಲ್ಲ, ಬಣ್ಣ ಅಪ್ಪ ಅಮ್ಮನಿಂದ ಬಂದದ್ದು.

ಇದು ಕತ್ತಲಲ್ಲಿ ಮಿಣುಕುಹುಳದಂತೆ ಬೆಳಗುತ್ತದೆ ಎಂಬುದೂ ಸರಿಯಲ್ಲ. ನೀಲಿ ಅಥವಾ ನೇರಳಾತೀತ ಬೆಳಕು ಬಿದ್ದಾಗ ಆ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಬಿಡುತ್ತದೆ ಅಷ್ಟೇ. ದೀಪ ಆರಿಸಿದರೆ ಹೊಳಪೂ ಆರುತ್ತದೆ. ವಿಡಿಯೊಗಳಲ್ಲಿ ಅಷ್ಟೊಂದು ಹೊಳೆಯುವುದು ಅದಕ್ಕೆಂದೇ ಹಾಕಿದ ನೀಲಿ ದೀಪದಿಂದ.

ಭಾರತದಲ್ಲಿ ಇದು ಕಾನೂನುಬದ್ಧವೇ? 1986ರ ಪರಿಸರ ಸಂರಕ್ಷಣೆ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಕುಲಾಂತರಿ ಜೀವಿಗಳ ಆಮದು, ಉತ್ಪಾದನೆ, ಮಾರಾಟಕ್ಕೆ ಕೇಂದ್ರದ ಅನುಮೋದನಾ ಸಮಿತಿಯ ಒಪ್ಪಿಗೆ ಬೇಕು. ಈ ಸಮಿತಿಯೇ ಜಿಇಎಸಿ. ಗ್ಲೋ ಮೀನಿಗೆ ಅಂಥ ಒಪ್ಪಿಗೆ ಸಿಕ್ಕಿಲ್ಲ. ಯುರೋಪಿಯನ್ ಒಕ್ಕೂಟದಲ್ಲೂ ಇದರ ಮಾರಾಟಕ್ಕೆ ಅನುಮತಿ ಇಲ್ಲ. "ಎಲ್ಲ ಕಡೆ ಸಿಗುತ್ತದಲ್ಲಾ" ಎಂದರೆ, ಸಿಗುವುದಕ್ಕೂ ಅನುಮತಿ ಇರುವುದಕ್ಕೂ ವ್ಯತ್ಯಾಸವಿದೆ.

ಬಣ್ಣ ಚುಚ್ಚುವುದು ಪೂರ್ತಿ ಸುಳ್ಳೇ?

ಸುಳ್ಳಲ್ಲ. ಗಾಜಿನಂತೆ ಪಾರದರ್ಶಕವಾದ ಗ್ಲಾಸ್ ಫಿಶ್ ಎಂಬ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ, ಬೆನ್ನಂಚಿನಲ್ಲಿ ನಿಯಾನ್ ಗೆರೆ ಮೂಡಿಸಿ "ಡಿಸ್ಕೊ ಫಿಶ್" ಎಂದು ಮಾರುವ ದಂಧೆ ಏಷ್ಯಾದ ಕೆಲವೆಡೆ ನಡೆದಿದೆ. ಕೆಲವು ಟೆಟ್ರಾ ಮೀನುಗಳನ್ನು ಬಣ್ಣದಲ್ಲಿ ಅದ್ದಿ ತೆಗೆಯುವುದೂ ಇದೆ. ಹೀಗೆ ಬಣ್ಣ ಚುಚ್ಚಿದ ಮೀನುಗಳಲ್ಲಿ ಲಿಂಫೋಸಿಸ್ಟಿಸ್ ಎಂಬ ವೈರಸ್ ಗಂಟುರೋಗ ಹೆಚ್ಚು ಎಂದು ಬ್ರಿಟನ್ನಿನ ತಜ್ಞರು 1990ರ ದಶಕದಲ್ಲೇ ತೋರಿಸಿದ್ದಾರೆ. ಆ ಮೀನುಗಳನ್ನು ಕೊಳ್ಳದಿರುವುದೇ ಸರಿ.

ನಾಲ್ಕು ಸೆಂಟಿಮೀಟರಿನ ಡ್ಯಾನಿಯೊಗೆ ಒಂದೊಂದಾಗಿ ಚುಚ್ಚಿ ಬದುಕಿಸುವುದು ಕಷ್ಟ. ಬಣ್ಣ ಹುಟ್ಟಿನಿಂದಲೇ ಬರುವ ತಳಿಗಳು ಅಗ್ಗವಾಗಿ ಸಿಗುವಾಗ ಅದರ ಅಗತ್ಯವೂ ಇಲ್ಲ.

ಗುರುತಿಸುವುದು ಹೀಗೆ. ಬಣ್ಣ ಹಾಕಿದ ಮೀನಿನ ಬಣ್ಣ ವಾರ, ತಿಂಗಳುಗಳಲ್ಲಿ ಮಾಸುತ್ತದೆ. ಒಂದು ಜಾಗದಲ್ಲಿ ಗಾಢ, ಇನ್ನೊಂದರಲ್ಲಿ ತೆಳು ಎಂಬಂತೆ ಮೆತ್ತಿಕೊಂಡಿರುತ್ತದೆ. ಮರಿಗಳಿಗೆ ಬಣ್ಣ ಬರುವುದಿಲ್ಲ. ಕುಲಾಂತರಿ ಮೀನಿನ ಮೈಯೆಲ್ಲ ಒಂದೇ ಸಮ ಮಿನುಗುತ್ತದೆ, ಮಾಸುವುದಿಲ್ಲ, ಮರಿಗಳಿಗೂ ಬರುತ್ತದೆ. ತಳಿ ಆಯ್ಕೆಯ ಮೀನಿನಲ್ಲಿ ಮಿನುಗು ಇರುವುದಿಲ್ಲ, ಸಹಜ ಬಣ್ಣಗಳ ಏರಿಳಿತ ಮಾತ್ರ.

"ನೀರಿಗೆ ಅರಿಶಿನ ಹಾಕಿದರೆ ಹಳದಿಯಾಗುತ್ತದೆ, ಬೀಟ್‌ರೂಟ್ ತಿನ್ನಿಸಿದರೆ ಕೆಂಪಾಗುತ್ತದೆ" ಎಂಬವೂ ಹರಿದಾಡುತ್ತವೆ. ಸ್ಪಿರುಲಿನಾ, ಸಣ್ಣ ಸಿಗಡಿ ಮುಂತಾದವುಗಳಲ್ಲಿರುವ ಕ್ಯಾರೊಟಿನಾಯ್ಡ್ ಅಂಶ ಮೀನಿಗೆ ಮೊದಲೇ ಇರುವ ಕೆಂಪು ಹಳದಿ ಛಾಯೆಯನ್ನು ಗಾಢ ಮಾಡಬಲ್ಲದು. ನೀಲಿ ಪಟ್ಟೆಯನ್ನು ಕೆಂಪು ಮಾಡಲಾರದು. ಅರಿಶಿನದಿಂದ ನೀರು ಕೆಡುತ್ತದೆ, ಮೀನು ಬದಲಾಗುವುದಿಲ್ಲ.

ಮುಟ್ಟಿದರೆ ರೋಗ ಬರುತ್ತದೆಯೇ?

ಬಣ್ಣದಿಂದ ಕ್ಯಾನ್ಸರ್ ಬರುವುದಿಲ್ಲ. ಆದರೆ ಯಾವುದೇ ಅಕ್ವೇರಿಯಂ ನೀರಿನಲ್ಲಿ ಮೈಕೊಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಇರಬಹುದು. ಕೈಯಲ್ಲಿ ಗಾಯವಿದ್ದಾಗ ತೊಟ್ಟಿಗೆ ಕೈ ಹಾಕಿದರೆ ಅದು ಚರ್ಮದ ಸೋಂಕು ತರಬಲ್ಲದು. ಮೀನು ಸಾದಾ ಇರಲಿ, ಬಣ್ಣದ್ದಿರಲಿ, ಅಪಾಯ ಒಂದೇ. ಗಾಯವಿದ್ದರೆ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ವಾರಗಳಾದರೂ ವಾಸಿಯಾಗದ ಗಂಟು ಕೈಯಲ್ಲಿ ಕಂಡರೆ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಅಕ್ವೇರಿಯಂ ಇದೆ ಎಂಬುದನ್ನೂ ತಿಳಿಸಿ.

ಮನೆಯಲ್ಲಿ ಮರಿ ಮಾಡಿಸುವುದು ಹೇಗೆ?

ಇದು ಮಕ್ಕಳಿಗೂ ಕಲಿಸಬಹುದಾದ ಒಳ್ಳೆಯ ಹವ್ಯಾಸ. ಪ್ರಯೋಗಾಲಯಗಳು ಈ ಮೀನನ್ನು ಆರಿಸಿಕೊಂಡದ್ದೂ ಮರಿ ಮಾಡಿಸುವುದು ಸುಲಭವೆಂದೇ.

ಹೆಣ್ಣಿನ ಹೊಟ್ಟೆ ಉಬ್ಬಿರುತ್ತದೆ. ಗಂಡು ತೆಳ್ಳಗೆ, ಪಟ್ಟೆಗಳ ನಡುವೆ ಹಳದಿ ಛಾಯೆ ಹೆಚ್ಚು. ವಾರದ ಮಟ್ಟಿಗೆ ಎರಡನ್ನೂ ಬೇರೆ ಇಟ್ಟು ಒಳ್ಳೆಯ ಆಹಾರ ಕೊಟ್ಟು, ಒಂದು ಸಂಜೆ ಬೇರೊಂದು ತೊಟ್ಟಿಯಲ್ಲಿ ಒಟ್ಟಿಗೆ ಬಿಡಿ. ಬೆಳಗಿನ ಬೆಳಕು ಬೀಳುತ್ತಿದ್ದಂತೆ ಮೊಟ್ಟೆ ಇಡುತ್ತವೆ. ಒಂದು ಹೆಣ್ಣು ಒಂದೇ ಸಲಕ್ಕೆ ನೂರು, ಇನ್ನೂರು ಮೊಟ್ಟೆಗಳನ್ನು ಚೆಲ್ಲಬಹುದು. ಮೊಟ್ಟೆಗಳು ಅಂಟುವುದಿಲ್ಲ, ತಳಕ್ಕೆ ಬೀಳುತ್ತವೆ. ಇಟ್ಟವೇ ತಿರುಗಿ ತಿಂದುಬಿಡುವುದರಿಂದ ತಳದಲ್ಲಿ ಗೋಲಿಗಳನ್ನು ಹರಡಿ, ಇಲ್ಲವೇ ಮೊಟ್ಟೆ ಮಾತ್ರ ಇಳಿಯುವ ಬಲೆ ಹಾಕಿ. ಮೊಟ್ಟೆ ಕಂಡ ಕೂಡಲೇ ದೊಡ್ಡ ಮೀನುಗಳನ್ನು ತೆಗೆಯಿರಿ.

ನೀರು 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಎರಡು ಮೂರು ದಿನದಲ್ಲಿ ಮರಿ ಹೊರಬರುತ್ತದೆ. ಐದನೆಯ ದಿನದ ಹೊತ್ತಿಗೆ ಈಜತೊಡಗುತ್ತದೆ. ಬಾಯಿ ತೀರಾ ಚಿಕ್ಕದು, ಹಾಗಾಗಿ ಮೊದಲ ದಿನಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ ಆಹಾರ. ಬಾಳೆಹಣ್ಣಿನ ಸಿಪ್ಪೆಯನ್ನು ನೀರಿನಲ್ಲಿ ಕೆಲವು ದಿನ ಕೊಳೆಸಿ ಆ ನೀರನ್ನು ಹನಿಹನಿಯಾಗಿ ಹಾಕುವುದು ಹಳೆಯ ಉಪಾಯ. ಆಮೇಲೆ ಆರ್ಟೀಮಿಯಾ ಮರಿಗಳು. ಮೂರು ತಿಂಗಳಿಗೆ ಮರಿಯೇ ಮೊಟ್ಟೆ ಇಡುವಷ್ಟು ದೊಡ್ಡದಾಗುತ್ತದೆ.

ನಮ್ಮ ಕಡೆಯವರು ಗಮನಿಸಬೇಕಾದ ಎರಡು ವಿಷಯಗಳಿವೆ. ಮೊದಲನೆಯದು ನೀರು. ಮುರಕಲ್ಲಿನ ನೆಲದ ಬಾವಿ, ಸುರಂಗದ ನೀರು ಮೃದು, ಹಲವೆಡೆ ತುಸು ಆಮ್ಲೀಯ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿ ಚಿಪ್ಪಿನ ಚೂರುಗಳನ್ನು ತೊಟ್ಟಿಯಲ್ಲಿ ಹಾಕಿದರೆ ಅದರ ಸುಣ್ಣದ ಅಂಶ ನಿಧಾನವಾಗಿ ಸರಿಪಡಿಸುತ್ತದೆ. ನಳ್ಳಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ.

ಎರಡನೆಯದು ಅಡಿಕೆಗೆ ಮದ್ದು ಬಿಡುವ ಕಾಲ. ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಮೀನಿಗೆ ವಿಷ, ಅದರಲ್ಲೂ ನಮ್ಮಂಥ ಮೃದು ನೀರಿನಲ್ಲಿ ಅದರ ಪರಿಣಾಮ ಹೆಚ್ಚು. ಅಂಗಳದ ತೊಟ್ಟಿಗಳನ್ನು ಆ ದಿನಗಳಲ್ಲಿ ಮುಚ್ಚಿಡಿ. ಮದ್ದಿನ ಡ್ರಮ್ಮು, ಪಂಪನ್ನು ತೋಡಿನಲ್ಲಿ ತೊಳೆಯಬೇಡಿ. ತೊಟ್ಟಿಯ ಮೀನಿಗೆ ಆಗುವುದೇ ತೋಡಿನ ಮೀನಿಗೂ ಆಗುತ್ತದೆ.

ಮರಿಯ ಬಣ್ಣದ ಲೆಕ್ಕ

"ಚಿನ್ನದ್ದನ್ನೂ ಜೀಬ್ರಾವನ್ನೂ ಕೂಡಿಸಿದೆ, ಒಂದು ಮರಿಯೂ ಚಿನ್ನದ್ದಾಗಲಿಲ್ಲ, ಮೋಸ ಮಾಡಿದರು" ಎಂದು ಬೇಸರಿಸುವವರಿದ್ದಾರೆ. ಮೋಸವಲ್ಲ. ಚಿನ್ನದ ಬಣ್ಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುವ ಗುಣ. ಶುದ್ಧ ಜೀಬ್ರಾದೊಂದಿಗೆ ಕೂಡಿಸಿದರೆ ಮೊದಲ ತಲೆಮಾರಿನ ಎಲ್ಲ ಮರಿಗಳೂ ಸಾದಾ ಪಟ್ಟೆಯವೇ. ಆ ಮರಿಗಳನ್ನು ತಮ್ಮ ತಮ್ಮಲ್ಲೇ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು, ಅಂದರೆ 100ರಲ್ಲಿ ಸುಮಾರು 25 ಚಿನ್ನದ್ದಾಗುತ್ತವೆ. ಹೈಸ್ಕೂಲಿನಲ್ಲಿ ಓದಿದ ಮೆಂಡೆಲನ ಬಟಾಣಿ ಲೆಕ್ಕವೇ ಇದು. ಉದ್ದ ರೆಕ್ಕೆ ಇದಕ್ಕೆ ವಿರುದ್ಧ, ಒಬ್ಬರಿಂದ ಬಂದರೂ ಸಾಕು.

ಬಣ್ಣ ಉಳಿಸಲು ಒಂದೇ ಮನೆತನದ ಮೀನುಗಳನ್ನು ಪದೇ ಪದೇ ಕೂಡಿಸುತ್ತಾ ಹೋದರೆ ಮರಿಗಳು ದುರ್ಬಲವಾಗುತ್ತವೆ. ಬೆನ್ನು ಡೊಂಕಾಗುವುದೂ ಉಂಟು. ಆಗಾಗ ಬೇರೆ ಕಡೆಯಿಂದ ಹೊಸ ಮೀನು ತರಬೇಕು.

ತಿಂಗಳಿಗೆ ಲಕ್ಷ ಬರುತ್ತದೆಯೇ?

ಇನ್ನೂರು ಮೊಟ್ಟೆಯನ್ನು ಅಂಗಡಿಯ ಬೆಲೆಯಿಂದ ಗುಣಿಸಿ, ಅದನ್ನು ತಿಂಗಳ ನಾಲ್ಕು ವಾರಕ್ಕೆ ಗುಣಿಸಿದರೆ ಕಾಗದದ ಮೇಲೆ ದೊಡ್ಡ ಮೊತ್ತ ಬರುತ್ತದೆ. ಆದರೆ ಎಲ್ಲ ಮೊಟ್ಟೆ ಮರಿಯಾಗುವುದಿಲ್ಲ, ಎಲ್ಲ ಮರಿ ಬದುಕುವುದಿಲ್ಲ. ಅಂಗಡಿಯವರು ನಿಮ್ಮಿಂದ ಕೊಳ್ಳುವುದು ಅವರು ಮಾರುವ ಬೆಲೆಗಲ್ಲ. ಡ್ಯಾನಿಯೊ ಅಕ್ವೇರಿಯಂ ಮೀನುಗಳಲ್ಲೇ ಅಗ್ಗದ್ದು. ಚೆನ್ನೈ ಬಳಿಯ ಕೊಳತ್ತೂರು, ಕೋಲ್ಕತ್ತಾದಂಥ ಕಡೆಗಳಿಂದ ದೊಡ್ಡ ಪ್ರಮಾಣದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಒಂದು ರಾತ್ರಿಯಲ್ಲಿ ಕಿಕ್ಕಿರಿದ ತೊಟ್ಟಿ ಖಾಲಿಯಾಗಬಹುದು.

"ನಮ್ಮಿಂದಲೇ ಜೋಡಿ ಕೊಳ್ಳಿ, ಮರಿಗಳನ್ನು ನಾವೇ ಹಿಂದೆ ಕೊಳ್ಳುತ್ತೇವೆ" ಎಂದು ಮುಂಗಡ ಕೇಳುವ ಸಂದೇಶಗಳಿಗೆ ದುಡ್ಡು ಕಳಿಸಬೇಡಿ. ನಿಜವಾಗಿ ಶುರು ಮಾಡುವ ಮನಸ್ಸಿದ್ದರೆ ಮೊದಲು ಹತ್ತಿರದ ಎರಡು ಮೂರು ಅಂಗಡಿಗಳಲ್ಲಿ ಯಾವ ಮೀನು, ತಿಂಗಳಿಗೆ ಎಷ್ಟು, ಯಾವ ಬೆಲೆಗೆ ಕೊಳ್ಳುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯಂಗಳದ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಯಾಗಿತ್ತು. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ. ಈಗಿನ ಅವಕಾಶವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲೇ ವಿಚಾರಿಸಿ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು, ದೇಶದ ಮೊದಲ ಮೀನುಗಾರಿಕಾ ಕಾಲೇಜು, ನಮ್ಮ ಜಿಲ್ಲೆಯಲ್ಲೇ ಇದೆ. ತಿಳಿದವರ ಮಾತು ಕೇಳಲು ವಾಟ್ಸಾಪಿಗಿಂತ ಅದು ಹತ್ತಿರ.

ಹೊಳೆಗೆ ಬಿಟ್ಟರೆ ಏನಾಗುತ್ತದೆ?

ಇಷ್ಟೂ ವಿವರಗಳಲ್ಲಿ ಅತಿ ಮುಖ್ಯವಾದದ್ದು ಇದು. "ಜೀಬ್ರಾ ನಮ್ಮ ದೇಶದ್ದೇ ಅಲ್ಲವೇ, ಬಿಟ್ಟರೆ ಏನು?" ಎಂದು ಕೇಳಬಹುದು. ಅಂಗಡಿಯ ಜೀಬ್ರಾ ಹತ್ತಾರು ತಲೆಮಾರು ತೊಟ್ಟಿಯಲ್ಲೇ ಬೆಳೆದದ್ದು. ಕಿಕ್ಕಿರಿದ ತೊಟ್ಟಿಗಳ ಪರಾವಲಂಬಿ ಜೀವಿಗಳು, ಬ್ಯಾಕ್ಟೀರಿಯಾಗಳು ಅದರೊಂದಿಗೆ ಬರುತ್ತವೆ. ಅದರ ದಾಯಾದಿಗಳು ನಮ್ಮ ತೋಡಿನಲ್ಲೇ ಇವೆ ಎಂದು ಮೇಲೆ ಹೇಳಿದೆವಲ್ಲ, ರೋಗ ಮೊದಲು ಹತ್ತುವುದು ಅಂಥ ಹತ್ತಿರದ ಸಂಬಂಧಿಗಳಿಗೆ.

ಗ್ಲೋ ಮೀನಿನ ವಿಷಯದಲ್ಲಿ ಬ್ರೆಜಿಲ್ ಪಾಠವಿದೆ. ಅಲ್ಲಿ ಮಾರಾಟವೇ ನಿಷಿದ್ಧ. ಆದರೂ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಕೆಂಪು, ಹಸಿರು ಡ್ಯಾನಿಯೊಗಳು ಅಟ್ಲಾಂಟಿಕ್ ಕಾಡಿನ ತೊರೆಗಳಲ್ಲಿ ಮರಿ ಮಾಡುತ್ತಿವೆ, ಅಲ್ಲಿನ ಹುಳಗಳನ್ನು ತಿಂದು ಬದುಕುತ್ತಿವೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಿನುಗುವ ಮೀನು ಬೇಟೆಗಾರ ಮೀನುಗಳ ಕಣ್ಣಿಗೆ ಬಿದ್ದು ತಾನಾಗಿಯೇ ಸಾಯುತ್ತದೆ ಎಂಬ ಸಮಾಧಾನ ಅಲ್ಲಿ ಉಳಿಯಲಿಲ್ಲ. ದೊಡ್ಡ ಬೇಟೆಗಾರರು ಕಡಿಮೆ ಇರುವ, ಬೆಚ್ಚಗಿನ, ಕಾಡಿನ ತೊರೆ ಎಂದರೆ ನಮ್ಮ ಚಾರ್ಮಾಡಿ, ಶಿಶಿಲದ ಕಡೆಯ ತೊರೆಗಳ ವರ್ಣನೆಯೇ.

"ನಾವು ಬಿಡುವುದಿಲ್ಲ, ಅಂಗಳದ ಕೊಳದಲ್ಲಿ ಇಟ್ಟಿದ್ದೇವೆ" ಎನ್ನುವವರು ಮಳೆಯನ್ನು ನೆನೆಯಬೇಕು. ಮೊದಲ ಮಳೆಗೆ ಮೀನು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುವುದನ್ನು ನೋಡಿದವರಿಗೆ ಹೇಳಬೇಕಿಲ್ಲ. ಹತ್ತಿದ ದಾರಿಯಲ್ಲೇ ಇಳಿಯಲೂ ಬರುತ್ತದೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಹೊಳೆಗಳು ಉಕ್ಕಿ ತೋಟ, ಮನೆಗಳೊಳಗೆ ನುಗ್ಗಿದವು. ಕೇರಳದಲ್ಲಿ 2018ರ ನೆರೆಯ ನಂತರ ಚಾಲಕ್ಕುಡಿ ಹೊಳೆಯಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಮೀನು ಬಲೆಗೆ ಬಿತ್ತು. ಯಾರದೋ ಕೊಳದಲ್ಲಿದ್ದದ್ದು ನೆರೆಯೊಂದಿಗೆ ಹೊಳೆ ಸೇರಿತ್ತು.

ಸೊಳ್ಳೆಯ ಮಾತು ಅರ್ಧ ಸತ್ಯ. ಡ್ಯಾನಿಯೊ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಆದರೆ ಡೆಂಗಿ ಸೊಳ್ಳೆ ಹುಟ್ಟುವುದು ಹರಿಯುವ ಹೊಳೆಯಲ್ಲಲ್ಲ. ತೆಂಗಿನ ಚಿಪ್ಪು, ಹಳೆ ಟಯರು, ರಬ್ಬರು ತೋಟದ ಹಾಲಿನ ಚಿಪ್ಪು, ಮುಚ್ಚದ ಡ್ರಮ್ಮುಗಳಲ್ಲಿ. ಅಲ್ಲಿಗೆ ಬೇಕಾದದ್ದು ನೀರು ಚೆಲ್ಲುವುದು, ಮುಚ್ಚಿಡುವುದು. ಸೊಳ್ಳೆಗೆಂದು ಜಗತ್ತಿನಾದ್ಯಂತ ಬಿಟ್ಟ ಗ್ಯಾಂಬೂಸಿಯಾ ಇಂದು ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಪುಣ್ಯದ ಮಾತಿಗೆ ನಮ್ಮಲ್ಲೇ ಉದಾಹರಣೆ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಬಳಿ ಕಪಿಲಾ ಹೊಳೆಯ ಮಹಶೀರ್ ಮೀನುಗಳನ್ನು ದೇವರ ಮೀನೆಂದು ಜನ ಕಾಯುತ್ತಾ ಬಂದಿದ್ದಾರೆ. ಅಲ್ಲಿ ಪುಣ್ಯವೆಂದರೆ ಹೊಳೆಯಲ್ಲಿ ಇರುವುದನ್ನು ಉಳಿಸುವುದು, ಹೊರಗಿನದನ್ನು ತಂದು ಸುರಿಯುವುದಲ್ಲ.

ಹಾಗಾದರೆ ಬೇಡವಾದ ಮೀನನ್ನು ಏನು ಮಾಡುವುದು?

ತಂದ ಅಂಗಡಿಗೇ ಹಿಂದಿರುಗಿಸಿ, ದುಡ್ಡು ಕೇಳದಿದ್ದರೆ ಹೆಚ್ಚಿನವರು ತೆಗೆದುಕೊಳ್ಳುತ್ತಾರೆ. ಸಾಕುವ ಗೆಳೆಯರಿಗೆ, ಶಾಲೆಯ ಅಕ್ವೇರಿಯಂಗೆ ಕೊಡಿ. ಮರಿ ಬೇಡವಾದರೆ ಗಂಡು ಹೆಣ್ಣು ಬೇರೆ ಇಡಿ. ತೊಟ್ಟಿ ತೊಳೆದ ನೀರನ್ನು ತೋಡಿಗೆ ಚೆಲ್ಲದೆ ಒಣನೆಲದ ಗಿಡಗಳಿಗೆ ಹಾಕಿ, ಅದು ಒಳ್ಳೆಯ ಗೊಬ್ಬರ. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಿ.

ಹೊಳೆಯಿಂದ ಮಲಬಾರ್ ಡ್ಯಾನಿಯೊ ಹಿಡಿದು ತರುವ ಆಸೆಯಾದರೆ, ಬೆಳ್ತಂಗಡಿ ತಾಲೂಕಿನ ಒಂದು ಭಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ ಎಂಬುದು ಗೊತ್ತಿರಲಿ. ಅದರೊಳಗೆ ಮೀನು ಹಿಡಿಯುವುದು ಅಪರಾಧ. ಹೊರಗಾದರೂ ತೋಟೆ, ವಿಷ ಹಾಕಿ ಹಿಡಿಯುವುದು ಎಲ್ಲೆಡೆಯೂ ನಿಷಿದ್ಧ. ಒಂದು ಮೀನಿಗಾಗಿ ಇಡೀ ಗುಂಡಿಯ ಮೊಟ್ಟೆ ಮರಿಯೆಲ್ಲ ಸಾಯುತ್ತವೆ.

ನಮ್ಮ ತೀರ್ಮಾನ

ಬಣ್ಣದ ಡ್ಯಾನಿಯೊಗೆ ಇಂಜೆಕ್ಷನ್ ಕೊಡುತ್ತಾರೆ: ತಪ್ಪು ಮಾಹಿತಿ. ಬಣ್ಣ ಜೀನಿನಿಂದ ಬಂದದ್ದು, ಚುಚ್ಚುವ ಪದ್ಧತಿ ಬೇರೆ ಮೀನುಗಳದ್ದು.

ಮುಟ್ಟಿದರೆ ಕ್ಯಾನ್ಸರ್: ಸುಳ್ಳು. ಗಾಯದ ಕೈಯನ್ನು ಮಾತ್ರ ಯಾವ ತೊಟ್ಟಿಗೂ ಹಾಕಬೇಡಿ.

ಒಂದು ಜೋಡಿಯಿಂದ ತಿಂಗಳಿಗೆ ಲಕ್ಷ: ದಾರಿ ತಪ್ಪಿಸುವ ಮಾತು.

ಹೊಳೆಗೆ ಬಿಡುವುದು ಒಳ್ಳೆಯದು: ತಪ್ಪು, ಹಾನಿಕರ. ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಈ ಲೇಖನ ಕಳಿಸಿ. ತಪ್ಪಾಗಿ ಫಾರ್ವರ್ಡ್ ಮಾಡಿದ ಸಂದೇಶವನ್ನು ಅಳಿಸಬಹುದು. ಮಳೆಗಾಲದ ನೇತ್ರಾವತಿಗೆ ಬಿಟ್ಟ ಮೀನನ್ನು ಮರಳಿ ಹಿಡಿಯಲು ಬರುವುದಿಲ್ಲ.